ಹಾರವಿಲ್ಲದ ಫೋಟೊ

ಹೊನ್ನಾವರದ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ಗುರುದತ್ತನ ಮಲ್ಟಿಮೀಡಿಯಾ ಕ್ಲಾಸು. ಇದ್ದ ಕಂಪ್ಯೂಟರುಗಳಲ್ಲಿ ಒಂದು ಸದಾ ರಿಪೇರಿಯಲ್ಲಿ. ಕ್ಲಾಸಿನಿಂದ ಬಾಡಿಗೆಯೂ ಹುಟ್ಟದ ಕಾರಣ ಹೊಟ್ಟೆಪಾಡಿಗೆ ಸತ್ತವರ ಫೋಟೊ ಮಾಡಿಕೊಡುತ್ತಿದ್ದ. ಯಾರದೋ ಮದುವೆಯ ಗುಂಪಿನಿಂದ ಮುಖ ಎತ್ತಿ, ಕೋಟು ತೊಡಿಸಿ, ಹಿಂದೆ ನೀಲಿ ಆಕಾಶ ಇಟ್ಟು, ಕೊರಳಿಗೆ ಕಂಪ್ಯೂಟರಿನ ಮಲ್ಲಿಗೆ ಹಾರ ಹಾಕುತ್ತಿದ್ದ. ಬದುಕಿದ್ದಾಗ ನೆಟ್ಟಗೊಂದು ಅಂಗಿಯಿಲ್ಲದವರೂ ಅವನ ಕೈಯಲ್ಲಿ ಕೋಟು ಹಾಕಿಕೊಂಡೇ ಸ್ವರ್ಗಕ್ಕೆ ಹೋದರು.

೨೦೦೪ರಲ್ಲಿ ದೂರದ ಡಿಸೈನ್ ಸಂಸ್ಥೆಯೊಂದು ಡಿಜಿಟಲ್ ಮೀಡಿಯಾದಲ್ಲಿ ಪಿಎಚ್.ಡಿ.ಗೆ ಅರ್ಜಿ ಕರೆಯಿತು. ಆಯ್ಕೆಯಾದವರಿಗೆ ಸ್ಟೈಪೆಂಡು, ಜೊತೆಗೆ ಕಿರಿಯರಿಗೆ ಪಾಠ ಮಾಡುವ ಕೆಲಸ. ಚಿತ್ರಕಲೆಯಲ್ಲಿ ಎಂ.ಎ. ಮಾಡಿ ಧೂಳು ಹಿಡಿಯುತ್ತಿದ್ದ ಗುರುದತ್ತನಿಗೆ ಇಷ್ಟು ಸಾಕಾಯಿತು. ವಿಷಯ: ಕರಾವಳಿಯ ಶೋಕಚಿತ್ರಗಳ ವಿನ್ಯಾಸ. ಅರ್ಜಿ ಅಂಚೆಗೆ ಬಿದ್ದ ದಿನವೇ ವಿಸಿಟಿಂಗ್ ಕಾರ್ಡಿನಲ್ಲಿ ‘ಸಂಶೋಧಕ’ ಎಂದು ಹಾಕಿಸಿಕೊಂಡ.

“ಸೀಟು ಸಿಗೂಕೆ ಮೊದ್ಲೇ ಕುತ್ತಿಗೆ ನೆಟ್ಟಗಾತಲೆ,” ಎಂದಳು ಹೆಂಡತಿ ಮಾಲಿನಿ. “ಇನ್ನು ಮೀನು ತರೂಕೆ ಯಾರು ಹೋಗೂದು, ಸಂಶೋಧಕರೇ?”

ಆ ಮಳೆಗಾಲದಲ್ಲಿ ಮಾವಳ್ಳಿಯ ಜಟ್ಟನ ದೋಣಿ ಮಗುಚಿತ್ತು. ದೋಣಿ ಸಿಕ್ಕಿತು, ಜಟ್ಟ ಸಿಗಲಿಲ್ಲ. ಅವನ ಹೆಂಡತಿ ದುರ್ಗಿ ಒಂದು ಮದುವೆಯ ಫೋಟೊ ಹಿಡಿದು ಬಂದಳು. ಅದರ ಮೂಲೆಯಲ್ಲಿ ಜಟ್ಟ ಚಪ್ಪರದ ಕಂಬ ಹಿಡಿದು ನಗುತ್ತಿದ್ದ.

“ದೊಡ್ಡದು ಮಾಡ್ಕೊಡಿ ಮಾಸ್ತರ್ರೇ. ಹಾರ ಗೀರ ಹಾಕ್ಬೇಡಿ ಮತ್ತೆ. ಅವ್ರು ಇಂದಲ್ಲ ನಾಳೆ ಬತ್ರು.”

ಗುರುದತ್ತ ಹಾರವಿಲ್ಲದ್ದನ್ನೇ ಮಾಡಿಕೊಟ್ಟ. ಆದರೆ ಸಂದರ್ಶನಕ್ಕೆ ಮಾದರಿಗಳನ್ನು ಜೋಡಿಸುವಾಗ ಅವನೊಳಗಿನ ಸಂಶೋಧಕನಿಗೆ ಅದು ಅಪೂರ್ಣ ಎನಿಸಿತು. ತನಗಾಗಿ ಇನ್ನೊಂದು ಪ್ರತಿ ಮಾಡಿ ಹಾರ ಹಾಕಿದ, ದೀಪವನ್ನೂ ಹಚ್ಚಿದ. ಪ್ರೊಫೆಸರುಗಳು ಉಳಿದದ್ದನ್ನೆಲ್ಲ ಮಗುಚಿ ಹಾಕಿ, ನಗುವ ಮುಖಕ್ಕೆ ಬಿದ್ದ ಆ ಹಾರವನ್ನೇ ಬಹಳ ಹೊತ್ತು ನೋಡಿದರು. ಸೀಟು ಸಿಕ್ಕಿತು.

ಊರಿಗೆ ಬಂದವನು ಆ ಚಿತ್ರಕ್ಕೆ ಕಟ್ಟು ಹಾಕಿಸಿ, ‘ಪಿಎಚ್.ಡಿ.ಗೆ ಆಯ್ಕೆಯಾದ ಕೃತಿ’ ಎಂದು ಬರೆದು, ಕೆಳಗೆ ಮೆಟ್ಟಿಲ ಬಳಿ, ಬಸ್ಸಿಗೆ ಕಾಯುವವರ ಕಣ್ಣಿಗೆ ಬೀಳುವ ಹಾಗೆ ತೂಗುಹಾಕಿದ.

ಬಲೆಯ ನೂಲು ತರಲು ಪೇಟೆಗೆ ಬಂದ ಬೀರಪ್ಪನ ಕಣ್ಣಿಗೂ ಬಿತ್ತು. ಬೀರಪ್ಪ ಜಟ್ಟನ ಅಣ್ಣ. ತಮ್ಮನ ಕ್ರಿಯೆ ಆಗದೆ ಮನೆಯಲ್ಲಿ ಶುಭಕಾರ್ಯ ಮಾಡುವಂತಿರಲಿಲ್ಲ. ಅವನ ಮಗಳ ಮದುವೆ ಅದಕ್ಕೇ ನಿಂತಿತ್ತು. ದುರ್ಗಿ ಮಾತ್ರ ಕ್ರಿಯೆಗೆ ಒಪ್ಪಿರಲಿಲ್ಲ. ಬೀರಪ್ಪ ಕಟ್ಟು ಸಮೇತ ಫೋಟೊ ಕೇಳಿದಾಗ, ತನ್ನ ಕಲೆಗೆ ಮನಸೋತ ಮೊದಲ ರಸಿಕ ಇವನೇ ಎಂದುಕೊಂಡು ಗುರುದತ್ತ ಸಹಿ ಹಾಕಿ ಕೊಟ್ಟ.

ಎರಡು ವಾರದ ಮೇಲೆ ದುರ್ಗಿ ಮಹಡಿ ಹತ್ತಿ ಬಂದಳು. ಹಣೆ ಬೋಳು, ಕೈ ಬೋಳು.

“ನೀನೇ ಹಾರ ಹಾಕ್ಸಿದ್ಯಲೆ, ಈಗೆಂತ ಅಳೂದು ಅಂದ್ರು ಬಾವ, ಆ ಫೋಟೊ ತೋರ್ಸಿ,” ಎಂದಳು. “ಅವ್ರ ಬದ್ಲಿಗೆ ದರ್ಬೆ ಗೊಂಬೆ ಮಾಡಿ ಸುಟ್ರು.”

ಗುರುದತ್ತ ಕುರ್ಚಿಯಿಂದ ಎದ್ದ. “ಅಕ್ಕಾ, ಅದು ಬರೀ ಸ್ಯಾಂಪಲ್ಲು. ನಾನೇ ಬಂದು ಬೀರಪ್ಪನಿಗೆ ಹೇಳ್ತೆ.”

“ಹೇಳಿ. ಬಳೆ ಒಡ್ದಾತಲೆ.”

ಹೊರಡುವ ಸಾಮಾನು ಮೂಲೆಯಲ್ಲಿ ಕಟ್ಟಿಟ್ಟಿತ್ತು. ದುರ್ಗಿ ಸೆರಗಿನೊಳಗಿಂದ ತನ್ನಲ್ಲಿದ್ದ ಹಾರವಿಲ್ಲದ ಫೋಟೊ ತೆಗೆದು ಮೇಜಿನ ಮೇಲಿಟ್ಟಳು.

“ಇದ್ಕೂ ಹಾರ ಹಾಕ್ಕೊಡಿ. ಮನೇಲಿ ಎರಡು ನಮೂನೆ ಅದೆ. ಯಾವ್ದು ಖರೆ ಅಂತ ಮಗಳು ಕೇಳ್ತದೆ.”

ಅವನು ಕಂಪ್ಯೂಟರ್ ಹಚ್ಚಿದ. ಹಾರ ಅಲ್ಲೇ ತಯಾರಿತ್ತು. ಎಳೆದು ಜಟ್ಟನ ಕೊರಳಿಗೆ ತಂದ. ದುರ್ಗಿ ಪರದೆಯ ಹತ್ತಿರ ಬಗ್ಗಿ ನೋಡಿದಳು.

“ಸ್ವಲ್ಪ ಸಣ್ಣದು ಮಾಡಿ ಮಾಸ್ತರ್ರೇ,” ಎಂದಳು. “ಗಂಟ್ಲಿಗೆ ಒತ್ತೂದು ಬೇಡ.”