ಹೆಣ್ಣು ನೋಡುವ ದಿನದ ಬ್ರೆಡ್ಡು

ಹೋದ ಭಾನುವಾರ ನಮ್ಮ ನಾದಿನಿ ಹಡಗಲಿಯಿಂದ ಮಗಳನ್ನು ಕರೆದುಕೊಂಡು ಬಂದಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಬ್ರೆಡ್ಡಿನ ಪ್ಯಾಕೆಟ್ ಕಂಡದ್ದೇ ತಡ, ಅವಳ ಮುಖ ಸಣ್ಣಗಾಯಿತು.

"ಯಾಕ್ ಅತ್ತಿಗಿ, ಅಣ್ಣಗೆ ಆರಾಮಿಲ್ಲೇನು?"

"ಗಟ್ಟಿ ಅದಾರವ್ವ. ಫ್ರೆಂಚ್ ಟೋಸ್ಟ್ ಮಾಡಾಕ ತರಿಸೀನಿ" ಎಂದೆ. ಕಾದ ಹೆಂಚಿನ ಮೇಲೆ ಹಾಲಿನ ಹನಿ ಬಿದ್ದು ಸೀದ ವಾಸನೆ ಆಗಲೇ ಎದ್ದಿತ್ತು. ಆ ಪ್ರಶ್ನೆ, ಆ ವಾಸನೆ ಎರಡೂ ಒಟ್ಟಿಗೆ ಬಂದರೆ ನನಗೆ ಒಂದು ಕತೆ ಹೇಳದೆ ಇರಲಾಗುವುದಿಲ್ಲ. ನಾದಿನಿಯ ಮಗಳು ಸಿಕ್ಕಳಲ್ಲ, ಶುರು ಮಾಡಿದೆ. ಈಗ ನೀವೂ ಕೂತಿದ್ದೀರಿ, ಕೇಳಿಬಿಡಿ.

ನಿಮ್ಮ ಕಡೆ ಬ್ರೆಡ್ಡೆಂದರೆ ತಿಂಡಿ ಇರಬಹುದು. ನಾನು ಹುಟ್ಟಿ ಬೆಳೆದ ಕೊಟ್ಟೂರಿನಲ್ಲಿ ಆಗ ಅದು ಔಷಧಿ. ಡಾಕ್ಟರು ಸೂಜಿ ಚುಚ್ಚಿ, ಚೀಟಿ ಬರೆದು, ಕೊನೆಗೆ "ಅನ್ನ ಬ್ಯಾಡ, ಎರಡು ದಿನ ಬ್ರೆಡ್ಡು ಹಾಲು ಕೊಡ್ರಿ" ಎನ್ನುತ್ತಿದ್ದರು. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವವರು ಒಂದು ಕೈಯಲ್ಲಿ ಮೋಸಂಬಿ, ಇನ್ನೊಂದು ಕೈಯಲ್ಲಿ ಬ್ರೆಡ್ಡು ಹಿಡಿದಿರುತ್ತಿದ್ದರು. ಜ್ವರವಿಲ್ಲದೆ ಬ್ರೆಡ್ಡು ತಿನ್ನುವುದೆಂದರೆ ತಲೆನೋವಿಲ್ಲದೆ ಗುಳಿಗೆ ನುಂಗಿದ ಹಾಗೆ. ಬೇಕರಿಯಿಂದ ಪ್ಯಾಕೆಟ್ ಹಿಡಿದು ಮನೆ ಮುಟ್ಟುವಷ್ಟರಲ್ಲಿ ನಾಲ್ಕು ಮಂದಿಯಾದರೂ ತಡೆದು ಯಾರಿಗೆ ಆರಾಮಿಲ್ಲ ಎಂದು ಕೇಳಿರುತ್ತಿದ್ದರು. ನೀವು ಹೇಳದಿದ್ದರೆ ಅವರೇ ಒಂದು ಕಾಯಿಲೆ ಗೊತ್ತು ಮಾಡುತ್ತಿದ್ದರು.

ಇಂಥ ಊರಿನವಳಾದ ನಾನು ತೊಂಬತ್ತರ ದಶಕದ ನಡುವೆ ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಬಿ.ಎ. ಓದಿದೆ. ನನ್ನ ರೂಮಿನವಳು ಶಮಾ, ಹಗರಿಬೊಮ್ಮನಹಳ್ಳಿಯ ಜೀಪ್ ಮೆಕ್ಯಾನಿಕ್ ಒಬ್ಬರ ಮಗಳು. ವಾರ್ಡನ್ ಊರಿಗೆ ಹೋದ ದಿನ ಅವಳು ಪೆಟ್ಟಿಗೆಯೊಳಗಿಂದ ಕರೆಂಟಿನ ಒಲೆ ತೆಗೆದು ಫ್ರೆಂಚ್ ಟೋಸ್ಟ್ ಮಾಡುತ್ತಿದ್ದಳು. ಬ್ರೆಡ್ಡನ್ನು ಸಕ್ಕರೆ ಹಾಲಲ್ಲಿ ಅದ್ದಿ ಹೆಂಚಿನ ಮೇಲೆ ಬೇಯಿಸುವುದು, ಅವಳ ಹಾಲಿನಲ್ಲಿ ತತ್ತಿಯೂ, ಅಂದರೆ ಮೊಟ್ಟೆಯೂ, ಇರುತ್ತಿತ್ತು. ನಮ್ಮದು ತತ್ತಿ ತಿನ್ನದ ಮನೆ. ಹಾಗಾದರೆ ನಾನು ಹಾಸ್ಟೆಲಿನಲ್ಲಿ ಏನು ತಿಂದೆ ಎಂದು ದಯವಿಟ್ಟು ಕೇಳಬೇಡಿ. ನಮ್ಮವ್ವ ಇನ್ನೂ ಇದ್ದಾಳೆ. ತತ್ತಿಯ ಬದಲು ಎರಡು ಚಮಚ ಕಡಲೆಹಿಟ್ಟು ಕಲಸಿದರೂ ಆಗುತ್ತದೆ ಎಂದು ಹೇಳಿಕೊಟ್ಟವಳೂ ಶಮಾನೇ. ಮೂರು ವರ್ಷ ಕಳೆದು ಊರಿಗೆ ಬಂದಾಗ ನನ್ನ ಕೈಯಲ್ಲಿದ್ದದ್ದು ಎರಡೇ: ಒಂದು ಡಿಗ್ರಿ, ಒಂದು ಫ್ರೆಂಚ್ ಟೋಸ್ಟ್. ಡಿಗ್ರಿಯಿಂದ ಈವರೆಗೆ ಏನೂ ಆಗಿಲ್ಲ.

ಬಂದ ವರ್ಷವೇ ಗಂಡು ಹುಡುಕತೊಡಗಿದರು. ಆಗ ನಾನು ಬಹಳ ತೆಳ್ಳಗಿದ್ದೆ. ನಗಬೇಡಿ, ಫೋಟೋ ಇದೆ. ಮೊದಲು ಬಂದ ಕೂಡ್ಲಿಗಿಯವರು "ಹುಡುಗಿ ಸೊರಗ್ಯಾಳ" ಎಂದು ಹೇಳಿ ಕಳಿಸಿದರು. ಎರಡನೆಯವರು ಇನ್ನೂ ಮುಂದೆ ಹೋಗಿ, ಒಳಗೊಳಗೆ ಏನೋ ರೋಗ ಇರಬೇಕು ಎಂದುಬಿಟ್ಟರು. ಅದು ಊರೆಲ್ಲ ಹರಡಿತು. ಅಪ್ಪ ಊರ ಕಟ್ಟೆಗೆ ಹೋಗಿ ಕೂರುವುದನ್ನು ಬಿಟ್ಟ. ನಾನು ಕನ್ನಡಿ ನೋಡುವುದನ್ನು ಬಿಟ್ಟೆ. ಮೇಲೆ ಮೇಲೆ ಅಹಂಕಾರ ಮಾಡುತ್ತಿದ್ದೆನೇ ಹೊರತು ಒಳಗೆ ಭಯವಿತ್ತು. ಮೂರನೆಯವರೂ ಹಾಗೆ ಹೇಳಿ ಹೋದರೆ ನಾಲ್ಕನೆಯವರು ಬರುವುದಿಲ್ಲ ಎಂದು ನನಗೂ ಗೊತ್ತಿತ್ತು.

ಮೂರನೆಯವರು ಹರಪನಹಳ್ಳಿಯವರು. ಹುಡುಗನದು ಸುಟ್ಟ ಪಂಪ್‌ಸೆಟ್ ಮೋಟರಿಗೆ ಹೊಸ ತಂತಿ ಸುತ್ತಿ ಕೊಡುವ ಮೋಟರ್ ವೈಂಡಿಂಗ್ ಅಂಗಡಿ. ಅವ್ವ ಉಪ್ಪಿಟ್ಟು, ಕೇಸರಿಬಾತು ಎಂದಳು. ನಾನು ಫ್ರೆಂಚ್ ಟೋಸ್ಟ್ ಎಂದೆ. ಎರಡು ಸಲ ಉಪ್ಪಿಟ್ಟು ಕೊಟ್ಟೇ ಸೋತಿದ್ದೇವೆ, ಈ ಸಲ ಓದಿದ ಹುಡುಗಿ ಎಂದು ಗೊತ್ತಾಗಲಿ ಎಂಬುದು ನನ್ನ ವಾದ.

"ನಿನಗೇನ್ ತಲಿ ಕೆಟ್ಟೈತೇನ? ಬಂದ ಬೀಗರಿಗೆ ಬ್ರೆಡ್ ಕೊಡ್ತಾರೇನು?" ಎಂದು ಅವ್ವ ಹಣೆ ಬಡಿದುಕೊಂಡಳು.

ನಾನು ಹಟಮಾರಿ, ಅಪ್ಪ ಮೆತ್ತನೆಯವ. ಬ್ರೆಡ್ಡು ತಂದ, ಚೀಲದಲ್ಲಿ ಬದನೆಕಾಯಿಯ ಕೆಳಗೆ ಮುಚ್ಚಿಟ್ಟುಕೊಂಡೇ ತಂದ. ಆದರೆ ಮುಚ್ಚಿ ತಂದರೆ ಕಾಯಿಲೆ ದೊಡ್ಡದೇ ಇರಬೇಕು ಎಂದುಕೊಳ್ಳುವ ಊರು ನಮ್ಮದು. ಪಾಪ, ಅವನಿಗೆ ಅದು ಹೊಳೆಯಲಿಲ್ಲ.

ಬೀಗರು ಬಂದು ಪಡಸಾಲೆಯಲ್ಲಿ ಕೂತರು. ಹುಡುಗ, ಅವನ ಚಿಕ್ಕಪ್ಪ, ಮತ್ತೆ ಅವನ ಸೋದರತ್ತೆ. ಎಲ್ಲರೂ ದೊಡ್ಡತ್ತೆ ಎನ್ನುತ್ತಿದ್ದ ಆ ಹೆಂಗಸು ಕೂತಲ್ಲಿಂದಲೇ ನಮ್ಮ ಮನೆಯ ತೊಲೆ ಎಣಿಸುತ್ತಿದ್ದಳು. ನಾನು ತಟ್ಟೆಗಳನ್ನು ಇಟ್ಟು, ಹುಡುಗನ ಕಡೆ ಅರ್ಧ ಕಣ್ಣಲ್ಲಿ ನೋಡಿ, ಬಾಗಿಲ ಹತ್ತಿರ ನಿಂತೆ. ಅಷ್ಟರಲ್ಲಿ ಎದುರುಮನೆಯ ನಾಗಮ್ಮ ಎರಡು ಮೋಸಂಬಿ ಹಿಡಿದು ನೇರ ಒಳಗೆ ಬಂದಳು.

"ಯಾರಿಗವಾ ಆರಾಮಿಲ್ಲ? ನಿಮ್ಮೆಜಮಾನ್ರು ಬ್ರೆಡ್ ತಂದಾರಂತ. ಹುಡುಗಿಗೇನು?"

ಅವ್ವ ಅವಳ ರೆಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಮೋಸಂಬಿ ಪಡಸಾಲೆಯಲ್ಲೇ ಉಳಿದವು. ದೊಡ್ಡತ್ತೆ ಒಮ್ಮೆ ಅವನ್ನು ನೋಡಿದಳು, ಒಮ್ಮೆ ತಟ್ಟೆಯನ್ನು ನೋಡಿದಳು, ಆಮೇಲೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಅಲ್ರೀ, ಹುಡುಗಿ ಜ್ವರದಾಗೆ ಎದ್ದು ಬಂದಾಳೇನು?"

"ಇಲ್ರಿ, ಇದು ಹೊಸ ನಮೂನಿ ತಿಂಡಿ" ಎಂದು ಅಪ್ಪ ತೊದಲಿದ. ಅಷ್ಟರಲ್ಲಿ ಹುಡುಗ ತನ್ನ ತಟ್ಟೆಯದು ಮುಗಿಸಿ, "ಇನ್ನೊಂದು ಐತೇನ್ರಿ?" ಎಂದ. ನಾನು ಓಡಿ ತಂದೆ.

"ಹಳದಿ ಕಾಣ್ತತಲ್ಲ, ತತ್ತಿ ಹಾಕೀರೇನು?" ಎಂದಳು ದೊಡ್ಡತ್ತೆ. ಕಡಲೆಹಿಟ್ಟಿನ ಮೇಲೆ ಆಣೆ ಮಾಡಿದ್ದಾಯಿತು. ಹುಡುಗ ಇನ್ನೊಂದು ಕೇಳಿದ. "ರೊಟ್ಟಿ ಬಡಿಯಾಕಾದ್ರೂ ಬರ್ತತಾ, ದಿನಾ ಇದೇ ಏನು?" ಎಂದಳು ದೊಡ್ಡತ್ತೆ. ಹುಡುಗ ಮತ್ತೊಂದು ಕೇಳಿದ. ನಾಲ್ಕನೆಯದನ್ನು ಅವನು ಅಗಿಯುತ್ತಿದ್ದಾಗ ಅವನ ಚಿಕ್ಕಪ್ಪ ಜೋರಾಗಿ ನಕ್ಕು, "ಅಕ್ಕಾ, ಇನ್ನೇನ್ ಕೇಳ್ತಿ ಬಿಡು, ಹುಡುಗ ಒಪ್ಪಿ ಆತು" ಎಂದರು. ದೊಡ್ಡತ್ತೆ ಸುಮ್ಮನಾದಳು.

ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಗಂಡು ಒಪ್ಪಿದ್ದು ನನ್ನನ್ನಲ್ಲ, ನನ್ನ ಟೋಸ್ಟನ್ನು ಎಂದು ಬಂದವರಿಗೆಲ್ಲ ಹೇಳಿ ಮೆರೆದಿದ್ದೇನೆ. ತಿಂಗಳಿಗೆ ಒಂದು ಭಾನುವಾರವಾದರೂ ಮಾಡಿ ಇವರ ಮುಂದೆ ನಾಲ್ಕು ತುಂಡು ಇಡುತ್ತೇನೆ. ಹೆಂಗಾಗೇತ್ರಿ ಎಂದರೆ "ಬಿಸಿ ಐತಿ" ಎನ್ನುತ್ತಾರೆ. ಮೋಟರ್ ಕಟ್ಟುವವರು, ಮಾತು ಕಡಿಮೆ, ಇದೇ ಅವರ ಹೊಗಳಿಕೆ ಎಂದುಕೊಂಡಿದ್ದೆ.

ಮೊನ್ನೆ ಭಾನುವಾರ ಇಷ್ಟು ಹೇಳಿ ಮುಗಿಸುವಾಗ ನಾದಿನಿ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. ಅವಳು ಬರುವುದು ಹಬ್ಬಕ್ಕೆ, ಆಗ ನಾವು ಹೋಳಿಗೆಯಲ್ಲಿ ಮುಳುಗಿರುತ್ತೇವೆ. ಈ ಕತೆ ಅವಳ ಕಿವಿಗೆ ಬಿದ್ದದ್ದೇ ಮೊದಲ ಸಲ.

"ಅಯ್ಯೋ ಅತ್ತಿಗಿ, ಜ್ವರ ಇದ್ದದ್ದು ನಿಮಗಲ್ಲ, ಅಣ್ಣಗೆ! ಮೂರು ದಿನ ಬರೇ ಬ್ರೆಡ್ಡು ಹಾಲು ಕೊಟ್ಟಿದ್ವಿ. ಅವತ್ತು ಬೆಳಗ್ಗೆ ಬಿಟ್ಟಿತ್ತು. ಇನ್ನೊಂದು ದಿನ ಹೋಗಾಣ ಅಂದ್ರೆ ಹುಡುಗಿ ಕಡೇರು ತಪ್ಪು ತಿಳ್ಕಂತಾರೆ ಅಂತ ಎದ್ದು ಹೊಂಟ. 'ಇನ್ಮೇಲೆ ಬ್ರೆಡ್ ಕಣ್ಣಿಗೆ ಬಿದ್ರೆ ಮನಿ ಬಿಟ್ಟು ಹೋಗ್ತೀನಿ' ಅಂದಿದ್ದ."

ಇವರು ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಪೇಪರ್ ಕೆಳಗಿಳಿಯಲಿಲ್ಲ.

"ಖರೆ ಏನ್ರಿ?" ಎಂದೆ.

"ಮೊದ್ಲಿಂದು ಮರ್ಯಾದಿಗೆ ತಿಂದೆ" ಎಂದಿತು ಪೇಪರ್. "ಆಮ್ಯಾಲೆ ಅತ್ತೆ ಹಂಗೆ ಕೇಳಿದ್ಲಲ್ಲ, ನೀನು ಬಾಗ್ಲ ಹಿಡ್ಕಂಡು ಅಳು ತಡ್ಕಂಡಿದ್ದೆ. ಇನ್ನೊಂದು ತಿಂದ್ರೆ ಸುಮ್ನಾಗ್ತಾಳೆ ಅಂದ್ಕಂಡೆ. ಆಗ್ಲಿಲ್ಲ. ಹಂಗಾಗಿ ನಾಲ್ಕಾತು."

"ಮದುವಿ ಆದ ಮ್ಯಾಲಾದ್ರೂ ಹೇಳಬಾರದೇನ್ರಿ?"

"ಹೆಂಗ್ ಹೇಳ್ಲಿ? ಬಂದೋರಿಗೆಲ್ಲ ಅದ್ನೇ ಹೇಳ್ಕೊಂತ ಖುಷಿಯಾಗಿದ್ದೆಲ್ಲ."

ನಗು ಬಂತು, ನಾಚಿಕೆಯೂ ಬಂತು. ಇಪ್ಪತ್ತು ವರ್ಷ ಈ ಮನುಷ್ಯನಿಗೆ ಜ್ವರದ ಊಟ ಹಾಕಿ, ಮೇಲೆ ಹೊಗಳಿಸಿಕೊಂಡೆನಲ್ಲ ಎನಿಸಿತು. ಅಳುವೂ ಬಂತು ಎಂದು ಹೇಳಿಬಿಡುತ್ತೇನೆ, ನಿಮ್ಮ ಮುಂದೆ ಏನು ಮುಚ್ಚುಮರೆ. ನಾಲ್ಕು ತುಂಡು ಆಗಲೇ ತಟ್ಟೆಗೆ ಬಂದಿದ್ದವು. ಇವರು ರೂಢಿಯಂತೆ ಕೈ ಚಾಚಿದರು. ನಾನು ತಟ್ಟೆಯನ್ನು ಎಳೆದುಕೊಂಡು, ಐದು ನಿಮಿಷದಲ್ಲಿ ಮಂಡಕ್ಕಿ ಒಗ್ಗರಣೆ ಮಾಡಿ, ಎರಡು ಹಸಿಮೆಣಸಿನಕಾಯಿ ಜಾಸ್ತಿಯೇ ಹಾಕಿ ಅವರ ಮುಂದಿಟ್ಟೆ. ಅವರು ತಿಂದರು, ಮತ್ತೆ ಹಾಕಿಸಿಕೊಂಡು ತಿಂದರು.

ನಾನು ಎದುರು ಕೂತು ಟೋಸ್ಟ್ ನಾಲ್ಕನ್ನೂ ಒಬ್ಬಳೇ ತಿಂದೆ. ಮೂರನೆಯದಕ್ಕೇ ಗಂಟಲು ಹಿಡಿಯಿತು. ನಾಲ್ಕನೆಯದನ್ನು ಅವತ್ತು ಹೇಗೆ ನುಂಗಿದ್ದರೋ, ಪುಣ್ಯಾತ್ಮ.