ಹಲ್ಲಿನ ಮೇಲೊಂದು ಕಲ್ಲು

ನನಗೆ ಅನುಮಾನ ಜಾಸ್ತಿ. ಇದನ್ನು ನೀವು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ. ಅಂಗಡಿಯವನು ತೆಂಗಿನಕಾಯಿ ಅಲ್ಲಾಡಿಸಿ ಕೊಟ್ಟರೆ ನಾನು ಇನ್ನೊಮ್ಮೆ ಅಲ್ಲಾಡಿಸುತ್ತೇನೆ. ಬಸ್ಸಿನ ಮೇಲೆ ಗುಂಡ್ಲುಪೇಟೆ ಎಂದು ಬೋರ್ಡಿದ್ದರೂ ಕಂಡಕ್ಟರನ್ನು ಕೇಳುತ್ತೇನೆ, ಅವನು ಹೌದೆಂದ ಮೇಲೆ ಪಕ್ಕದ ಸೀಟಿನವರನ್ನೂ ಕೇಳುತ್ತೇನೆ. ಇಂಥವಳ ಮುಂದೆ ಒಂದು ಸೋಮವಾರ ಬೆಳಿಗ್ಗೆ ತಂಗಿಯ ಮಗಳು ಚೈತ್ರ ಬಾಗಿಲಲ್ಲಿ ನಿಂತು ನಕ್ಕಳು. ಎದುರು ಹಲ್ಲಿನ ಮೇಲೆ ಏನೋ ಪಳಕ್ಕೆಂದಿತು.

"ಅನ್ನದಗುಳು ಅಂಟ್ಕಂಡದೆ, ಬಾಯಿ ಮುಕ್ಕಳಿಸು ಓಗು," ಎಂದೆ.

"ಅಗುಳಲ್ಲ ದೊಡ್ಡವ್ವ, ಟೂತ್ ಜೆಮ್ಮು. ಈಗ ಎಲ್ರೂ ಆಕ್ಕತಾವ್ರೆ."

ಚೈತ್ರ ಗುಂಡ್ಲುಪೇಟೆಯವಳು. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕ ಮೇಲೆ ಚಾಮರಾಜನಗರದ ನಮ್ಮ ಮನೆಯಲ್ಲೇ ಇದ್ದಾಳೆ. ಭಾನುವಾರ ಊರಿಗೆ ಹೋದವಳು ಅಲ್ಲಿನ ಬ್ಯೂಟಿ ಪಾರ್ಲರಿನಲ್ಲಿ ಸಾಸಿವೆ ಗಾತ್ರದ ಗಾಜಿನ ಹರಳೊಂದನ್ನು ಹಲ್ಲಿಗೆ ಅಂಟಿಸಿಕೊಂಡು ಬಂದಿದ್ದಳು.

ನಮ್ಮವ್ವ ಅರ್ಧ ಆಯುಸ್ಸನ್ನು ಮೊರದ ಮುಂದೆ ಕಳೆದವಳು. ಅಕ್ಕಿಯಲ್ಲಿ ಒಂದು ಕಲ್ಲು ಉಳಿದು ಊಟದ ಹೊತ್ತಿಗೆ ಯಾರದಾದರೂ ಹಲ್ಲಿಗೆ ಸಿಕ್ಕಿ ಕಟುಂ ಅಂದರೆ ಅವತ್ತು ಆಕೆಗೆ ಅನ್ನ ಇಳಿಯುತ್ತಿರಲಿಲ್ಲ. ಆ ಕೆಲಸ ಆಮೇಲೆ ನನಗೆ ಬಂತು. ಹಲ್ಲಿಗೆ ಕಲ್ಲು ತಾಗದಿರಲೆಂದು ಎರಡು ತಲೆಮಾರು ಕಣ್ಣು ಸವೆಸಿದರೆ ಮೂರನೆಯದು ಕೈಯಾರೆ ಕಲ್ಲು ತಂದು ಹಲ್ಲಿಗೇ ಮೆತ್ತಿಕೊಂಡಿತ್ತು. ನಮ್ಮ ಜನ ಒಡವೆ ಹಾಕದ ಜಾಗ ಉಳಿಸಿಲ್ಲ, ನಿಜ. ಕಿವಿ, ಮೂಗು, ಸೊಂಟ, ಕಾಲ್ಬೆರಳು, ಹಬ್ಬದ ದಿನ ಎತ್ತಿನ ಕೊಂಬಿಗೂ ಹಿತ್ತಾಳೆ. ಹಳೆಯ ಕವಿಗಳು ಹಲ್ಲನ್ನು ದಾಳಿಂಬೆ ಬೀಜ ಎಂದರು, ಮೊಲ್ಲೆಯ ಮೊಗ್ಗು ಎಂದರು. ಅಷ್ಟು ಹೊಗಳಿದವರಿಗೂ ಅದರ ಮೇಲೊಂದು ಹರಳು ಕೂರಿಸುವ ಯೋಚನೆ ಬರಲಿಲ್ಲವೆಂದರೆ ಏನೋ ಕಾರಣ ಇರಲೇಬೇಕು.

"ಯಾವ ಗಮ್ಮು ಆಕುದ್ಲು, ಕೇಳ್ದಾ?"

"ಅದ್ಯಾವ್ದೋ ಒಳ್ಳೇದೆ ಬುಡು ದೊಡ್ಡವ್ವ. ಮೂರ್ ದಿವ್ಸ ಏನೂ ಅಗೀಬ್ಯಾಡ ಅಂದವ್ಳೆ, ಅಷ್ಟೆ."

ನಮ್ಮ ಸೀಮೆಯವರಿಗೆ ಅಗಿಯದೆ ಬದುಕುವುದೇನು ದೊಡ್ಡ ವಿದ್ಯೆಯಲ್ಲ. ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತೇವೆ. ಅಗಿದವನನ್ನು ಪರವೂರಿನವನೆಂದು ಆ ಕ್ಷಣದಲ್ಲೇ ಪತ್ತೆ ಹಚ್ಚುತ್ತೇವೆ. ಚೈತ್ರ ಹೊತ್ತುಹೊತ್ತಿಗೂ ಮುದ್ದೆ ಉಣ್ಣತೊಡಗಿದಳು. ಪಾರ್ಲರಿನವಳ ಕಟ್ಟಳೆಯನ್ನು ಗೆದ್ದೆನೆಂಬ ಬೀಗು ಬೇರೆ. ನನಗೆ ಈಗ ಮುದ್ದೆಯ ಮೇಲೂ ಅನುಮಾನ. ಅದು ಹಲ್ಲಿಗೆ ಕೆಲಸ ಕೊಡುವುದಿಲ್ಲ, ಸರಿ, ಆದರೆ ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಅವಳು ತುತ್ತೆತ್ತಿದಾಗಲೆಲ್ಲ ನಾನು ಅವಳ ಬಾಯನ್ನೇ ನೋಡುತ್ತಿದ್ದೆ.

ಬುಧವಾರ ಬೆಳಿಗ್ಗೆ ಅವಳು ತುತ್ತು ಬಾಯಿಗಿಟ್ಟವಳು ತಟ್ಟನೆ ಕೈ ನಿಲ್ಲಿಸಿದಳು. ನಾಲಿಗೆ ಹಲ್ಲಿನ ಮೇಲೆ ಎರಡು ಸಲ ಓಡಾಡಿತು. ಹರಳು ಇರಲಿಲ್ಲ. ನುಂಗಿಬಿಟ್ಟಳೋ ಏನೋ! ಗಾಬರಿಯಲ್ಲಿ ಅವಳ ತಟ್ಟೆಗೇ ಕೈ ಹಾಕಿ ಅವರೆಕಾಳಿನ ಸಾರನ್ನು ಜಾಲಾಡಿದೆ. ಇಷ್ಟು ವರ್ಷ ಅಕ್ಕಿ ಆರಿಸಿದ ಬೆರಳಿನಿಂದ ಕಲ್ಲು ತಪ್ಪಿಸಿಕೊಳ್ಳಲು ಸಾಧ್ಯವೇ? ಸಿಕ್ಕಿತು.

ತಲೆಯೆತ್ತಿ ನೋಡಿದರೆ ಅವಳು ಆಗಲೇ ಕಿಟಕಿಯ ಮೇಲಿದ್ದ ಚಪ್ಪಲಿ ಅಂಟಿಸುವ ಗಮ್ಮಿನ ಟ್ಯೂಬು ತಂದಿದ್ದಳು. ಇನ್ನೊಂದು ಕೈ ಬಾಯಿಗೆ ಅಡ್ಡವಾಗಿತ್ತು.

"ಒಂಚೂರು ಅಚ್ಬುಡು ದೊಡ್ಡವ್ವ, ಬಸ್ಸಿಗೆ ಒತ್ತಾಯ್ತು. ಪಾರ್ಲರಕ್ಕ ಅಚ್ಚುದ್ದೂ ಪ್ಲಾಸ್ಟಿಕ್ ಉಗುರು ಅಂಟ್ಸೋ ಗಮ್ಮೇಯ."

ನನ್ನ ಅನುಮಾನ ಗೆದ್ದಿತ್ತು. ಗೆದ್ದ ಸಂತೋಷ ಮಾತ್ರ ಆಗಲಿಲ್ಲ, ಮೈ ಉರಿದುಹೋಯಿತು. ಟ್ಯೂಬು ಕಿತ್ತುಕೊಂಡೆ. "ಚಪ್ಪಲಿ ಕಿತ್ತೋದ್ರೆ ಇನ್ನೊಂದ್ ಜೊತೆ ತರಬೋದು ಕಣಮ್ಮಿ. ಎದುರು ಅಲ್ಲು ಓದ್ರೆ ಸಂತೇಲಿ ಸಿಕ್ಕದಾ? ಅಂಥ ಶೋಕಿ ಏನವ್ವ ನಿಂಗೆ?"

ಕೈ ತೆಗೆಯದೆಯೇ ಹೇಳಿದಳು: "ಶೋಕಿ ಅಲ್ಲ. ಕಲೆ ಮುಚ್ತಿತ್ತು."

ನಮ್ಮ ಕಡೆ ಕೆಲವು ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಕಂದು ಕಲೆ ನಿಂತುಬಿಡುತ್ತದೆ. ಉಜ್ಜಿದರೆ ಹೋಗುವಂಥದ್ದಲ್ಲ. ನಮ್ಮ ಮನೆಯ ಹೆಂಗಸರು ನಗುವಾಗ ಕೈಯನ್ನೋ ಸೆರಗನ್ನೋ ಬಾಯಿಗೆ ಅಡ್ಡ ಹಿಡಿಯುತ್ತಾರೆ. ಅದನ್ನು ನಾನು ವಿನಯವೆಂದು ನಾಲ್ಕು ಜನರ ಮುಂದೆ ಹೊಗಳಿಕೊಂಡವಳು. ಚೈತ್ರ ಹರಳು ಹಾಕಿಕೊಂಡ ಆ ಮೂರು ದಿನ ಕೈ ಅಡ್ಡ ಇಡದೆ ನಕ್ಕಿದ್ದಳು. ಅವಳ ಹಲ್ಲನ್ನೇ ಕಾವಲು ಕಾಯುತ್ತಿದ್ದ ನನಗೆ ಆ ಕೈ ಇಳಿದದ್ದು ಕಾಣಿಸಿರಲಿಲ್ಲ. ನನಗೆ ತುಂಬ ನಾಚಿಕೆಯಾಯಿತು.

ಅವತ್ತು ಅವಳು ಕೆಲಸಕ್ಕೆ ರಜೆ ಹಾಕಿದಳು. ಹರಳನ್ನು ಕಾಗದದಲ್ಲಿ ಮಡಚಿಕೊಂಡು ಹಲ್ಲಿನ ಡಾಕ್ಟರಲ್ಲಿಗೆ ಹೋದೆವು. ಡಾಕ್ಟರಮ್ಮ ನೋಡಿದರೆ ಚೈತ್ರಳ ವಾರಿಗೆಯ ಹುಡುಗಿ. ನನಗೆ ಆಕೆಯ ಮೇಲೂ ಅನುಮಾನ ಬಂತೆಂದು ಬೇರೆ ಹೇಳಬೇಕಿಲ್ಲ. ಆಕೆ ಹಳೆಯ ಗಮ್ಮನ್ನು ಸೂಕ್ಷ್ಮವಾಗಿ ಬಿಡಿಸಿ, ಹುಳುಕಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಗಮ್ಮು ತಾಗಿ ಒಸಡು ಕೆಂಪಾಗಿತ್ತು. ಅದು ಮಾಯಲಿ, ಆಮೇಲೆ ಹಾಕೋಣ ಎಂದು ವಾರ ಬಿಟ್ಟು ಕರೆದಳು.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಕೈ ಅಡ್ಡವಿಟ್ಟ ನಗುವೇ.

ಎರಡನೇ ಸಲ ನಾನು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಹಲ್ಲು ಕೊರೆಯುತ್ತೀರಾ? ಇಲ್ಲ, ಕೊರೆಯುತ್ತೇನೆ ಅನ್ನುವವರ ಹತ್ತಿರ ಕೂರಲೇಬೇಡಿ. ಗಮ್ಮು ಯಾವುದು? ಹಲ್ಲಿಗೆ ಕ್ಲಿಪ್ಪು ಕೂರಿಸುವಾಗ ಬಳಸುವುದು. ಆಮೇಲೆ? ಹರಳಿನ ಸುತ್ತ ದಿನಾ ಮೆತ್ತಗೆ ಉಜ್ಜಬೇಕು, ಇಲ್ಲದಿದ್ದರೆ ಅಲ್ಲೇ ಕೊಳೆ ಕೂತು ಹುಳುಕು. ಬೇಡವೆನಿಸಿದರೆ ಉಗುರಿನಿಂದ ಕೀಳಬಾರದು, ಇಲ್ಲಿಗೇ ಬರಬೇಕು. ಕಲೆ? ಅದು ನೀರಿನ ತಪ್ಪು, ಹುಡುಗಿಯದಲ್ಲ. ಅದನ್ನು ತಿಳಿಯಾಗಿಸಲೂ ದಾರಿಯಿದೆ. ಉತ್ತರಗಳು ಸಾಲಾಗಿ ಬಂದವು. ಒಂದನ್ನು ಎರಡು ಸಲ ಕೇಳಿದೆ, ಎರಡು ಸಲವೂ ಅದೇ ಉತ್ತರ ಬಂತು. ಆಮೇಲೆ ಚೀಟಿ ಮಡಚಿದೆ.

ಹರಳು ಕೂತಿತು. ಚೈತ್ರ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಕ್ಕಳು. ಅಡ್ಡ ಇಡಲು ಮೂರನೇ ಕೈ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ನಿಮ್ಗೂ ಒಂದು ಹಾಕ್ಬಿಡ್ಲಾ ಅಮ್ಮ?" ಎಂದಳು ಡಾಕ್ಟರಮ್ಮ ನನ್ನ ಕಡೆ ತಿರುಗಿ.

ನನಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಯಾರೋ ನನ್ನನ್ನೇ ನೋಡುತ್ತಿದ್ದಾರೆನಿಸಿತು. ಕನ್ನಡಿಯ ಅಂಚಿನ ಮೇಲಿಂದ ಚೈತ್ರ ನೋಡುತ್ತಿದ್ದಳು. ನನ್ನ ಬಲಗೈ ಬಾಯಿಯ ಮೇಲಿತ್ತು. ನಾನು ಕುಡಿದು ಬೆಳೆದದ್ದೂ ಅಂಥದ್ದೇ ನೀರು. ಮದುವೆಯ ಫೋಟೋದಿಂದ ಹಿಡಿದು ಆಧಾರ್ ಕಾರ್ಡಿನವರೆಗೆ ತುಟಿ ಬಿಗಿದೇ ಕೂತವಳು ನಾನು. ಊರೆಲ್ಲದರ ಮೇಲೆ ಅನುಮಾನಪಟ್ಟವಳಿಗೆ ಈ ಒಂದು ಕೈಯ ಮೇಲೆ ಇಷ್ಟು ವರ್ಷ ಅನುಮಾನ ಬಂದಿರಲಿಲ್ಲ.

"ಕೈ ತಗಿ ದೊಡ್ಡವ್ವ," ಎಂದಳು ಚೈತ್ರ.

ತೆಗೆದೆ. ತಕ್ಷಣ ಅಲ್ಲ. ಡಾಕ್ಟರಮ್ಮ ಬೇರೆ ಕಡೆ ನೋಡುತ್ತಿದ್ದಾಳೆಂದು ಒಮ್ಮೆ ಖಾತ್ರಿ ಮಾಡಿಕೊಂಡು ತೆಗೆದೆ.