ನಲವತ್ತೊಂದು ಮೂಟೆ, ಒಂದು ರಕ್ತಪಿಶಾಚಿ

ಹಳೆಯ ಕಾಲದ ರಕ್ತಪಿಶಾಚಿ ಕಾದಂಬರಿಗಳಿಗೆ ಮೂಡಿಗೆರೆ ಸೀಮೆಯಲ್ಲಿ ನನಗೆ ಗೊತ್ತಿರುವಂತೆ ಮೂವರು ಅಭಿಮಾನಿಗಳಿದ್ದೇವೆ. ಒಬ್ಬರು ಮೇಡಂ, ಎಪ್ಪತ್ತೊಂದು ವರ್ಷದ ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿ, ಮೂಡಿಗೆರೆ ಪೇಟೆಯಲ್ಲೇ ಮನೆ. ಇನ್ನೊಬ್ಬರು ಪಿಯುಸಿಯಲ್ಲಿ ಅವರ ಶಿಷ್ಯರಾಗಿದ್ದು, ಈಗ ಗೋಣಿಬೀಡಿನಲ್ಲಿ ಜೀಪು ರಿಪೇರಿ ಮಾಡುವ ಭಾಯ್. ಮೂರನೆಯವಳು ನಾನು. ಗೋಣಿಬೀಡಿನ ಹತ್ತಿರ ಅಪ್ಪನ ತೋಟದಲ್ಲಿ ಕಾಫಿ ಒಣಗಿಸುವ ಕಣ, ಮೂಟೆ, ಆಳುಗಳ ಹಾಜರಿ ನೋಡಿಕೊಳ್ಳುತ್ತೇನೆ. ಏನು ಕಂಡರೂ ಎಣಿಸಿ ಡೈರಿಯಲ್ಲಿ ಬರೆಯುತ್ತೇನೆ.

ನಾವು ಸೇರುವುದು ಮೇಡಂ ಮನೆಯ ಜಗಲಿಯಲ್ಲಿ, ಶನಿವಾರ ಮಧ್ಯಾಹ್ನ ಮೂರರಿಂದ ನಾಲ್ಕೂಮುಕ್ಕಾಲರವರೆಗೆ. ಆಮೇಲೆ ನನ್ನ ಬಸ್ಸು ಹೊರಡುತ್ತದೆ. ಮೇಣದ ಬತ್ತಿ, ಬಿರುಗಾಳಿ, ತೋಳದ ಕೂಗು ಯಾವುದೂ ಇಲ್ಲ. ಬಿಸಿಲು, ಚಕ್ಕುಲಿ, ಎದುರು ಮನೆಯ ಮಿಕ್ಸಿ ಇವೆ. ಕತ್ತಲಲ್ಲಿ ಮಾತ್ರ ಏಳುವ ಜೀವಿಯ ಬಗ್ಗೆ ಇಷ್ಟು ಬೆಳಕಿನಲ್ಲಿ ಚರ್ಚೆ ನಡೆಸುವವರು ಬೇರೆಲ್ಲೂ ಇರಲಾರರು.

ಎಲ್ಲ ಕಥೆಗಳಲ್ಲೂ ಇರುವ ಆ ಪಾಳುಬಂಗಲೆಯ ಯಜಮಾನನನ್ನು ಭಾಯ್ ‘ಧಣಿ’ ಎಂದೇ ಕರೆಯುತ್ತಾರೆ. “ಅಷ್ಟು ದೊಡ್ಡ ಬಂಗ್ಲೆ, ಒಂದಾಳಿಲ್ಲ. ಜೇಡರ ಬಲೆ ಕಟ್ದೆ ಇನ್ನೇನಾಗುತ್ತೆ? ಇದು ಶಾಪ ಅಲ್ಲ ಮೇಡಂ, ಲೇಬರ್ ಪ್ರಾಬ್ಲಂ” ಎನ್ನುವುದು ಅವರ ಸಿದ್ಧಾಂತ. ಮನೆಯವರು ಕರೆಯದೆ ಪಿಶಾಚಿ ಹೊಸಿಲು ದಾಟುವಂತಿಲ್ಲ ಎಂಬ ನಿಯಮವನ್ನು ನಾನು ನಮ್ಮ ಮನೆಯಲ್ಲೇ ಪರೀಕ್ಷಿಸಿದ್ದೇನೆ. ಒಂದು ವಾರದಲ್ಲಿ ಅಮ್ಮ “ಬನ್ನಿ ಒಳಗೆ, ಕಾಫಿ ಕುಡ್ಕೊಂಡು ಹೋಗಿ” ಎಂದದ್ದು ಮೂವತ್ತನಾಲ್ಕು ಸಲ. ಅದರಲ್ಲಿ ಒಂಬತ್ತು ಸಲ ಬಂದವರ ಮುಖವನ್ನೂ ನೋಡದೆ, ಅಡುಗೆಮನೆಯಿಂದಲೇ. ನಮ್ಮ ಕಡೆಗೆ ಬಂದ ಪಿಶಾಚಿ ಯಾರ ಕುತ್ತಿಗೆಗೂ ಬಾಯಿ ಹಾಕುವ ಮೊದಲೇ ಅಸಿಡಿಟಿಯಿಂದ ಮಲಗುತ್ತದೆ. ಇನ್ನು ರಕ್ತದ ವಿಷಯ. ಕಳೆದ ಮಳೆಗಾಲದಲ್ಲಿ ನನ್ನನ್ನು ಕಚ್ಚಿದ ಇಂಬಳಗಳು ಅರವತ್ತಮೂರು. ಒಂದಕ್ಕೂ ಕರಿ ಕೋಟು ಇರಲಿಲ್ಲ, ಒಂದೂ ತನ್ನ ಒಂಟಿತನ ಹೇಳಿಕೊಳ್ಳಲಿಲ್ಲ.

ಆದರೂ ಇದನ್ನೇ ಯಾಕೆ ಮತ್ತೆ ಮತ್ತೆ ಓದುತ್ತೇವೆ ಎಂದು ಮೇಡಂ ಅವರನ್ನು ಒಮ್ಮೆ ಕೇಳಿದ್ದೆ. “ಸಾಯಲ್ಲ ಅನ್ನೋದಕ್ಕಲ್ಲ ಕಣೇ. ಒಂದೇ ಆಸೆ ಇಟ್ಕೊಂಡು ನಾನೂರು ವರ್ಷ ಕೂತಿರ್ತಾನಲ್ಲ, ಅದಕ್ಕೆ. ನನ್ನ ಆಸೆ ಒಂದೂ ನಾಲ್ಕು ದಿನ ನಿಲ್ಲಲ್ಲ” ಎಂದರು.

ಅದು ಪೂರ್ತಿ ನಿಜವಲ್ಲ. ಅವರ ಒಂದು ಆಸೆ ಐವತ್ತೆರಡು ವರ್ಷದಿಂದ ನಿಂತಿದೆ. ಅದು ಒಂದು ಪುಸ್ತಕ. ಯಾವುದೋ ಇಂಗ್ಲಿಷ್ ಪಿಶಾಚಿ ಕಾದಂಬರಿಯ ಕನ್ನಡ ರೂಪ, ಅಂಗೈಗಿಂತ ಸ್ವಲ್ಪವೇ ದೊಡ್ಡದು. ಹೆಸರು ಅಚ್ಚಾದ ಮೊದಲ ಹಾಳೆ ಹರಿದುಹೋಗಿ ಬರೆದವರು, ಅಚ್ಚು ಹಾಕಿದವರು ಯಾರೆಂಬುದೇ ಗೊತ್ತಿಲ್ಲ. ಹಾಗಾಗಿ ಇನ್ನೊಂದು ಪ್ರತಿ ಹುಡುಕಲು ದಾರಿಯೂ ಇಲ್ಲ. ಹತ್ತೊಂಬತ್ತನೇ ವಯಸ್ಸಿನಿಂದ ಮೇಡಂ ಅದರ ಅಂಚಿನಲ್ಲಿ ಬರೆಯುತ್ತಲೇ ಬಂದಿದ್ದಾರೆ. ಒಂದು ಕಡೆ ನೀಲಿ ಶಾಯಿಯಲ್ಲಿ ‘ಪಾಪ, ಒಬ್ಬನೇ’ ಎಂದಿದೆ. ಅದರ ಕೆಳಗೆ, ಮದುವೆಯಾದ ಮೇಲಿನ ಕೆಂಪು ಶಾಯಿಯಲ್ಲಿ ‘ಅದೃಷ್ಟವಂತ’ ಎಂದಿದೆ. ಇನ್ನೊಂದು ಕಡೆ ‘ಬೆಳ್ಳುಳ್ಳಿ ಈ ತಿಂಗಳಲ್ಲಿ ಹೂ ಬಿಡುವುದಿಲ್ಲ, ಲೇಖಕರಿಗೆ ತಿಳಿಯದು’ ಎಂದಿದೆ. ಆ ಪುಸ್ತಕ ಅವರ ಮನೆಯ ಹೊಸಿಲು ದಾಟಿದ್ದೇ ಇಲ್ಲ, ಭಾಯ್ ಓದಿದ್ದೂ ಅಲ್ಲೇ ಒಳಗೆ ಕೂತು.

ಜನವರಿ ಹತ್ತು, ಶನಿವಾರ, ಅದನ್ನು ನನ್ನ ಕೈಗೆ ಕೊಟ್ಟರು. ಮಳೆಗಾಲದ ಬೂಷ್ಟು ಹಿಡಿದು ರಟ್ಟು ಮೆತ್ತಗಾಗಿತ್ತು. “ನಿಮ್ಮ ಕಣದಲ್ಲಿ ಒಳ್ಳೆ ಬಿಸಿಲಿರುತ್ತಲ್ಲ, ನಾಲ್ಕು ದಿನ ಕಾಯಿಸಿ ಮುಂದಿನ ಶನಿವಾರ ತಂದ್ಕೊಡು. ನೀನು ಲೆಕ್ಕದೋಳು, ಕಳೆಯಲ್ಲ ಅಂತ ಕೊಡ್ತಿದೀನಿ” ಎಂದರು. ಭಾಯ್‌ಗೆ ಹೊಟ್ಟೆ ಉರಿಯಿತು. ಮನೆಗೊಯ್ಯಲು ಅವರು ಹದಿನೈದು ವರ್ಷದಿಂದ ಕೇಳುತ್ತಿದ್ದರು.

ಸೋಮವಾರ, ಮಂಗಳವಾರ ಬಿಸಿಲು ಚೆನ್ನಾಗಿತ್ತು. ಕಣದ ಮೂಲೆಯಲ್ಲಿ, ಸಿಪ್ಪೆ ಸಮೇತ ಒಣಗಿದ ಚೆರಿ ಕಾಫಿಯ ಮೇಲೆ ಪುಸ್ತಕ ಬಿಡಿಸಿಟ್ಟು, ಗಂಟೆಗೊಮ್ಮೆ ಇಪ್ಪತ್ತು ಪುಟ ತಿರುವುತ್ತಿದ್ದೆ. ಬುಧವಾರ ಗಾಳಿ ಎದ್ದಿತು. ಹಾಳೆಗಳು ತಾವಾಗಿಯೇ ಮಗುಚತೊಡಗಿದವು, ನನ್ನ ಲೆಕ್ಕ ತಪ್ಪತೊಡಗಿತು. ಕಲ್ಲಿಟ್ಟರೆ ಹಾಳೆ ಹರಿದೀತು ಎಂದು ಎರಡು ಬೊಗಸೆ ಒಣ ಚೆರಿಯನ್ನೇ ತೆರೆದ ಪುಟಗಳ ಮೇಲೆ ಸುರಿದೆ. ಕಪ್ಪು ರಟ್ಟು, ಕಪ್ಪು ಕಾಯಿ. ಪುಸ್ತಕ ನನಗೇ ಕಾಣಿಸದಷ್ಟು ಚೆನ್ನಾಗಿ ನಿಂತಿತು.

ಹನ್ನೊಂದೂವರೆಗೆ ಮೋಡ ಬಂತು. ಜನವರಿಯಲ್ಲಿ ಹೀಗೆ ಬರುವ ಮೋಡಕ್ಕೆ ಒಂದೇ ಉತ್ತರ, ಎಲ್ಲರೂ ಎಲ್ಲವನ್ನೂ ಬಿಟ್ಟು ಕಣಕ್ಕೆ ಓಡುವುದು. ಮೇಸ್ತ್ರಿ ಕೂಗಿದ, ಹನ್ನೊಂದು ಜನ ಎಳೆದು ಗುಡ್ಡೆ ಹಾಕಿ, ಬುಟ್ಟಿಯಲ್ಲಿ ತುಂಬಿ ಮೂಟೆಗೆ ಸುರಿದರು. ನಾನು ಏನು ಮಾಡುತ್ತಿದ್ದೆ? ಎಣಿಸುತ್ತಿದ್ದೆ. ಒಂದೊಂದು ಮೂಟೆ ಹೊಲಿದಂತೆ ಅದರ ಮೇಲೆ ನಂಬರು ಬರೆಯುತ್ತಿದ್ದೆ. ಮಧ್ಯಾಹ್ನ ಪಿಕಪ್ ಬಂದು ಎಲ್ಲವನ್ನೂ ಗೋಣಿಬೀಡಿನ ವ್ಯಾಪಾರಿಯ ಗೋಡೌನಿಗೆ ಒಯ್ದಿತು. ಮಳೆ ಬರಲಿಲ್ಲ. ಅಂದಿನ ಡೈರಿಯಲ್ಲಿ ನಾನು ಸಂತೋಷದಿಂದ ಬರೆದಿದ್ದೇನೆ: ‘ಮೂಟೆ ನಲವತ್ತೊಂದು. ಒಂದು ಕಾಳೂ ನೆನೆಯಲಿಲ್ಲ.’

ಪುಸ್ತಕ ನೆನಪಾದದ್ದು ಸಂಜೆ ಕಾಫಿ ಕುಡಿಯುವಾಗ. ಮೇಸ್ತ್ರಿಯನ್ನು ಕೇಳಿದೆ. “ಪುಸ್ತಕನಾ? ಕಣದಲ್ಲಾ? ಕಣದಲ್ಲಿ ಇದ್ದಿದ್ದೆಲ್ಲ ಕಾಫಿನೇ ಅಲ್ವಾ ಸಣ್ಣಮ್ಮ” ಎಂದ.

ಮರುದಿನ ಬೆಳಿಗ್ಗೆ ಗೋಣಿಬೀಡಿಗೆ ಹೋಗಿ ಭಾಯ್‌ಗೆ ಹೇಳಿದೆ. ಅವರು ಜೀಪಿನ ಅಡಿಯಿಂದ ಹೊರಬರಲೇ ಇಲ್ಲ, ಅಲ್ಲಿಂದಲೇ ಕೇಳಿದರು. “ನನಗೆ ಕೊಟ್ಟಿದ್ರೆ ಗ್ರೀಸಾಗ್ತಿತ್ತು ಅಷ್ಟೇ. ನೀನು ಧಣೀನ ಮೂಟೆ ಕಟ್ಟಿ ಕಳಿಸ್ದೆಯಲ್ಲೇ ಮಾರಾಯ್ತಿ!”

“ನಗಬೇಡಿ ಭಾಯ್. ಶನಿವಾರ ನಾನು ಮೇಡಂಗೆ ಏನು ಹೇಳ್ಲಿ?”

ಆಗ ಹೊರಬಂದರು.

ಗೋಡೌನಿನಲ್ಲಿ ನಮ್ಮ ಮೂಟೆಗಳು ಸಾಲಾಗಿ ಇದ್ದವು. ನಂಬರುಗಳು ಎದ್ದು ಕಾಣುತ್ತಿದ್ದವು. ಯಾವ ನಂಬರಿನದು ಕಣದ ಯಾವ ಮೂಲೆಯದು ಎಂದು ಮಾತ್ರ ನಾನು ಬರೆದಿರಲಿಲ್ಲ. ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿಯಲು ಅಲ್ಲಿನ ಆಳು ಒಪ್ಪಲಿಲ್ಲ. ಮಾಲು ನೋಡಲು ಮೂಟೆಗೆ ಚುಚ್ಚಿ ಕಾಳು ಹೊರತೆಗೆಯುವ ಒಂದು ಚೂಪು ಕೊಳವೆ ಅವರ ಹತ್ತಿರ ಇರುತ್ತದೆ. ಅದನ್ನು ತಂದ. “ನಾಲ್ಕು ಕಡೆ ಚುಚ್ಚಿ ನೋಡಣ. ಗಟ್ಟಿ ಸಿಕ್ಕಿದ್ರೆ ಬಿಚ್ಚಣ.”

ಇಪ್ಪತ್ತಾರು ಮೂಟೆವರೆಗೆ ಏನೂ ಸಿಗಲಿಲ್ಲ. ಆಳಿನ ಕೈ ಸೋತಿತು, ಕೊಳವೆ ಭಾಯ್ ಕೈಗೆ ಬಂತು. ಇಪ್ಪತ್ತೇಳನೆಯದರಲ್ಲಿ ಅವರು ನಿಂತರು. “ಇಲ್ಲೇನೋ ಇದೆ.” ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ಒತ್ತಿದರು. ತುಕ್ಕು ಹಿಡಿದ ಬೋಲ್ಟುಗಳನ್ನು ಹದಿನೆಂಟು ವರ್ಷ ಬಿಚ್ಚಿದ ಕೈ ಅದು. ಹೊಲಿಗೆ ಬಿಚ್ಚಿ ಕಾಯಿ ಸರಿಸಿದಾಗ ಪುಸ್ತಕ ಸಿಕ್ಕಿತು, ರಟ್ಟಿನ ನಟ್ಟನಡುವೆ ಕೊಳವೆ ನಾಟಿಕೊಂಡಿತ್ತು.

“ಯಾ ಅಲ್ಲಾ” ಎಂದರು ಭಾಯ್. “ಕಥೇಲಿ ಗೂಟ ಹೊಡೆಯೋ ಹಾಗೆ, ಸೀದಾ ಧಣಿ ಎದೆಗೇ ಹೊಡ್ದೆ.”

ಗೋಡೌನಿನ ಆಳು ನಕ್ಕ. ನಾನು ಪುಟ ಎಣಿಸಿದೆ. ರಟ್ಟಿನಿಂದ ತೊಂಬತ್ತೆರಡನೇ ಪುಟದವರೆಗೆ, ನಲವತ್ತಾರು ಹಾಳೆ, ಹುಣಸೆಬೀಜದಷ್ಟು ತೂತು. ಪ್ರತಿ ಪುಟದಲ್ಲೂ ಒಂದೊಂದು ಪದ ಹೋಗಿತ್ತು. ಅಂಚಿನ ಟಿಪ್ಪಣಿಗಳೆಲ್ಲ ಹಾಗೇ ಇದ್ದವು.

ಶನಿವಾರ ಬಸ್ಸಿನಲ್ಲಿ ಭಾಯ್ ಉಪಾಯ ಹೇಳಿದರು. “ಬೋರರ್ ಹುಳ ಹೊಡೆದಿದೆ ಅಂತ ಹೇಳಣ. ಕಾಫಿ ಗಿಡಾನೇ ಕೊರೀತದೆ, ಪುಸ್ತಕ ಬಿಡ್ತದಾ?”

“ಅವ್ರು ಬಾಟನಿ ಮೇಡಂ, ಭಾಯ್.”

“ಹೌದಲ್ಲ.”

ಜಗಲಿಯಲ್ಲಿ ನಾನು ನಡೆದದ್ದನ್ನು ಗಂಟೆ, ನಿಮಿಷದ ಸಮೇತ ಹೇಳಿದೆ. ಮೇಡಂ ತೂತಿಗೆ ಕಿರುಬೆರಳಿಟ್ಟು ನೋಡಿದರು. ಅವತ್ತು ಚಕ್ಕುಲಿ ತರಲಿಲ್ಲ. “ನಾನೇ ಕಾಯಿಸ್ಬೇಕಿತ್ತು” ಎಂದರು. ಅವರು ಬೈದಿದ್ದರೆ ವಾಸಿಯಿತ್ತು. ಇನ್ನು ಶನಿವಾರಗಳು ಮುಗಿದವು ಎಂದುಕೊಂಡೆ. ಭಾಯ್ ಚಪ್ಪಲಿ ಹುಡುಕಲು ಎದ್ದರು.

“ಎಲ್ಲಿಗೆ ಹೊರಟೆ? ಕೂತ್ಕೋ” ಎಂದರು ಮೇಡಂ. ಪುಸ್ತಕ ನನ್ನ ಮುಂದೆ ತಳ್ಳಿದರು. “ಒಂದನೇ ಪುಟದಿಂದ ಓದು. ತೂತು ಬಂದಲ್ಲಿ ನಿಲ್ಸು.”

ಓದಿದೆ. ನಿಲ್ಲಿಸಿದಲ್ಲೆಲ್ಲ ಮೇಡಂ ಕಣ್ಣು ಮುಚ್ಚಿಕೊಂಡೇ ಪದ ಹೇಳಿದರು. ನಾನು ಅದನ್ನು ತೆಳು ಚೀಟಿಯಲ್ಲಿ ಬರೆದು ತೂತಿನ ಮೇಲೆ ಅಂಟಿಸಿದೆ. ಮೂವತ್ತು ಪುಟ ಹೀಗೆ ಸಾಗಿತು. ಮೂವತ್ತೊಂದರಲ್ಲಿ ಧಣಿ ಕಿಟಕಿಯ ಹತ್ತಿರ ನಿಂತಿದ್ದ.

“ನಿಟ್ಟುಸಿರಿಟ್ಟ” ಎಂದರು ಮೇಡಂ.

“ಅಲ್ಲ ಮೇಡಂ, ಆಕಳಿಸಿದ” ಎಂದರು ಭಾಯ್.

“ಏ ಮಾರಾಯ, ನಾನು ಇಪ್ಪತ್ತಾರು ಸಲ ಓದಿದೀನಿ. ಅವನು ಯಾಕೆ ಆಕಳಿಸ್ತಾನೆ?”

“ನಾನೂರು ವರ್ಷ ಒಂದೇ ಕಿಟಕಿ. ನೀವಾದ್ರೆ ಏನು ಮಾಡ್ತಿದ್ರಿ?”

ನಾನು ಫೋನಿನಲ್ಲಿ, ಮೂಲ ಇದೇ ಇರಬಹುದು ಎಂದು ನಾವು ಊಹಿಸಿದ್ದ ಇಂಗ್ಲಿಷ್ ಕಥೆ ತೆಗೆದು ನೋಡಿದೆ. ಆ ಜಾಗದಲ್ಲಿ ಕಿಟಕಿಯೇ ಇರಲಿಲ್ಲ. ಕನ್ನಡಕ್ಕೆ ತಂದ ಮಹಾನುಭಾವರು ಆ ವಾಕ್ಯವನ್ನು ಸ್ವಂತವಾಗಿ ಬರೆದಿದ್ದರು. ಮೇಡಂ ಫೋನನ್ನು ಚೀಲಕ್ಕೆ ಹಾಕಿಸಿದರು.

ಚಕ್ಕುಲಿಯಿಲ್ಲದ ನಾಲ್ಕು ಶನಿವಾರ ಹಿಡಿಯಿತು. ತೊಂಬತ್ತೆರಡು ತೂತುಗಳಲ್ಲಿ ಮೇಡಂ ಹೇಳಿದವು ಎಂಬತ್ತೊಂದು, ಭಾಯ್ ಹೇಳಿ ಮೇಡಂ ಒಪ್ಪಿದವು ನಾಲ್ಕು, ಜಗಳ ತೀರದೆ ಎರಡೂ ಪದ ಬರೆದವು ಐದು. ನನ್ನವು ಸೊನ್ನೆ. ಅರವತ್ತೊಂದು, ಅರವತ್ತೆರಡನೇ ಪುಟಗಳು, ಅಂದರೆ ಒಂದು ಇಡೀ ಹಾಳೆ, ಇಬ್ಬರಿಗೂ ನೆನಪಾಗಲಿಲ್ಲ; ಒಗ್ಗುವ ಪದಗಳು ಹಲವು ಹೊಳೆದವು, ಅಲ್ಲಿದ್ದದ್ದು ಯಾವುದೆಂದು ಮಾತ್ರ ಗೊತ್ತಾಗಲಿಲ್ಲ. ಮೇಡಂ ಹಣೆ ಒತ್ತಿಕೊಂಡು ಹತ್ತು ನಿಮಿಷ ಕೂತರು. ಅಷ್ಟು ಸಲ ಓದಿದ ಮೇಲೂ ಒಂದು ಪದ ಹೀಗೆ ಕೈ ಕೊಡುತ್ತದೆ ಎಂದು ಅವರು ಎಣಿಸಿರಲಿಲ್ಲ. ಕೊನೆಗೆ “ಅದು ಹಾಗೇ ಇರ್ಲಿ, ಮುಂದೆ ಹೋಗು” ಎಂದರು.

ಎಲ್ಲ ಅಂಟಿಸಿ ಒಣಗಿದ ಮೇಲೆ ಮೊದಲಿನಿಂದ ಒಮ್ಮೆ ಓದಲು ಹೇಳಿದರು. ಅರವತ್ತೊಂದನೇ ಪುಟದ ತೂತಿನಲ್ಲಿ ಈಗ ಅರವತ್ತಮೂರನೇ ಪುಟದ ಚೀಟಿ ಕಾಣುತ್ತಿತ್ತು. ನಾನು ಕಂಡದ್ದನ್ನು ಕಂಡಂತೆ ಓದಿದೆ:

“ಅವಳನ್ನು ನೋಡಿದೊಡನೆ ಅವನ ಕಣ್ಣುಗಳಲ್ಲಿ ಕುದುರೆ ತುಂಬಿ ಬಂತು.”

ಭಾಯ್ ಮೆಲ್ಲಗೆ, “ಪ್ರೀತಿ ಜಾಸ್ತಿಯಾದ್ರೆ ಹಾಗಾಗುತ್ತೆ ಮೇಡಂ” ಎಂದರು. ಮೇಡಂ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು, ನಗುತ್ತಲೇ ಒಳಗೆ ಹೋಗಿ ಚಕ್ಕುಲಿ ಡಬ್ಬ ತಂದರು.